ಆರನೆಯ ಮರಿಯ ಸಾಕ್ಷಿ

ಕಾಡುಪ್ರಾಣಿಗಳ ನಡವಳಿಕೆಯನ್ನು ಕುರಿತು ಬರೆದವರು ನಮ್ಮಲ್ಲಿ ಕಡಿಮೆಯೇನಿಲ್ಲ. ದುರ್ಬೀನು ಹಿಡಿದು ನೋಡಿ ಬರೆದವರಿದ್ದಾರೆ, ಬೋನಿನ ಹೊರಗೆ ನಿಂತು ಬರೆದವರಿದ್ದಾರೆ, ಇನ್ನೊಬ್ಬರು ಬರೆದದ್ದನ್ನು ನೋಡಿ ಬರೆದವರಂತೂ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ತೋಳಗಳ ಒಂದು ಸಂಸಾರದ ಎದುರು ದಿನವೂ ಅದೇ ಬಂಡೆಯ ಮೇಲೆ ಅದೇ ಕಂಬಳಿ ಹೊದ್ದು ಕುಳಿತು, ಆ ಸಂಸಾರವು ತಮ್ಮನ್ನು ಬಂಡೆಯದೇ ಒಂದು ತುಂಡೆಂದು ಬಗೆಯುವವರೆಗೂ ಕಾದು, ಅನಂತರವಷ್ಟೇ ಪೆನ್ನಿನ ಮುಚ್ಚಳ ತೆಗೆದವರು ನಾವು ಕಂಡಂತೆ ಒಬ್ಬರೇ. ಕುರಿ ಕಾಯುವವರು ಅವರಿಗೆ ಇಟ್ಟ ಹೆಸರು ‘ಕಲ್ಲು ಮೇಡಂ’. ವಿಭಾಗದಲ್ಲಿ ನಾವೂ ಬೆನ್ನ ಹಿಂದೆ ಹಾಗೆಯೇ ಕರೆಯುತ್ತಿದ್ದೆವು. ಅದು ಅವರಿಗೆ ಗೊತ್ತಿತ್ತು. ಅವರಿಗೆ ಗೊತ್ತಿದೆಯೆಂಬುದು ನಮಗೂ ಗೊತ್ತಿತ್ತು.

ಮೂವತ್ತನಾಲ್ಕು ವರ್ಷಗಳ ಸೇವೆಯನ್ನು ಪೂರೈಸಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಅವರಿಗೆ ಈ ಸಂಪುಟವನ್ನು ಅರ್ಪಿಸುತ್ತಿದ್ದೇವೆ. ಅರ್ಪಿಸುವುದು ಕೊನೆಗೂ ಸಾಧ್ಯವಾಯಿತಲ್ಲ ಎಂಬ ಸಮಾಧಾನದಲ್ಲಿಯೇ ಈ ಮಾತುಗಳನ್ನು ಬರೆಯುತ್ತಿರುವುದು; ಏಕೆಂದರೆ ಎರಡು ತಿಂಗಳ ಹಿಂದೆ ಈ ಪುಸ್ತಕ ಹೊರಬರುವುದೇ ಇಲ್ಲವೆಂದು ನಾವೆಲ್ಲ ಕೈಚೆಲ್ಲಿ ಕುಳಿತಿದ್ದೆವು.

ಅವರು ವಿಭಾಗಕ್ಕೆ ಕಿರಿಯ ಸಹಾಯಕಿಯಾಗಿ ಸೇರಿದಾಗ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಕೋಣೆ ಮತ್ತು ಯಾರಿಗೂ ಬೇಡವಾದ ವಿಷಯ. ಪಕ್ಷಿಗಳನ್ನು ಹಿರಿಯರು ಹಂಚಿಕೊಂಡಿದ್ದರು, ಜಿಂಕೆಗಳಿಗೆ ಇಬ್ಬರು ಕಾದಾಡುತ್ತಿದ್ದರು, ಉಳಿದದ್ದು ತೋಳ. ‘ಹೊಸಬರಿಗೆ ಇದು ಸಾಕು’ ಎಂದರಂತೆ ಅಂದಿನ ಮುಖ್ಯಸ್ಥರು. ತೋಳಗಳಿದ್ದ ಗುಡ್ಡಕ್ಕೆ ಬಸ್ಸಿನಲ್ಲಿ ಎರಡು ಗಂಟೆ, ಇಳಿದ ಮೇಲೆ ಕಾಲುನಡಿಗೆಯಲ್ಲಿ ಒಂದು ಗಂಟೆ. ಮೊದಲ ಎಂಟು ತಿಂಗಳು ಅವರಿಗೆ ಕಂಡದ್ದು ಹೆಜ್ಜೆಗುರುತು, ಕೂದಲಿದ್ದ ಹಿಕ್ಕೆ ಮತ್ತು ಕುರಿ ಕಾಯುವವರ ನಗು.

ಅವರ ವಿಧಾನ ಸರಳವಾದದ್ದು, ಆದರೆ ಮನೆಯವರಿಗೆ ಕಷ್ಟವಾದದ್ದು. ವಾಸನೆ ಬದಲಾದರೆ ತೋಳಕ್ಕೆ ಆಸಾಮಿಯೇ ಬದಲಾದ ಹಾಗೆ. ಆದ್ದರಿಂದ ಕಂಬಳಿಯನ್ನು ಒಗೆಯುವಂತಿಲ್ಲ, ಬದಲಾಯಿಸುವಂತಿಲ್ಲ, ಗುಡ್ಡಕ್ಕೆ ಹೋಗುವ ದಿನ ಸೋಪು ಮುಟ್ಟುವಂತಿಲ್ಲ. ಮನೆಯ ಹಿಂಬಾಗಿಲ ಹೊರಗೆ ಒಂದು ತಗಡಿನ ಪೆಟ್ಟಿಗೆಯಲ್ಲಿ ಆ ಕಂಬಳಿಯ ವಾಸ. ‘ಸೊಸೆ ಬಂದಳು ಅಂತ ಕಣ್ಣಿಗಿಂತ ಮೊದಲು ಮೂಗೇ ಹೇಳುತ್ತೆ’ ಎಂದು ಅವರ ಅತ್ತೆ ಅಕ್ಕಪಕ್ಕದವರೊಡನೆ ದೂರುತ್ತಿದ್ದರು. ಆದರೆ ಕಂಬಳಿಯ ಅಂಚು ಹರಿದಾಗ ಮೂಗಿಗೆ ಸೆರಗು ಕಟ್ಟಿಕೊಂಡು, ಅಂಗಳದಲ್ಲಿ ಕುಳಿತು, ಹೊಲಿದು ಕೊಟ್ಟವರೂ ಅದೇ ಅತ್ತೆಯೇ. ಪತಿ ಶಾಲೆಯಲ್ಲಿ ಗಣಿತ ಮೇಷ್ಟ್ರು. ‘ಮನೆಯವರು ಎಲ್ಲಿ?’ ಎಂದು ಕೇಳಿದವರಿಗೆ ‘ಅವರ ಇನ್ನೊಂದು ಸಂಸಾರ ನೋಡ್ಕೊಂಡು ಬರೋಕೆ ಹೋಗಿದ್ದಾರೆ’ ಎಂದು ಗಂಭೀರವಾಗಿ ಉತ್ತರಿಸುತ್ತಿದ್ದರು.

ಒಂಬತ್ತನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ದೊಡ್ಡ ಗಂಡು ತೋಳವೊಂದು ನೇರವಾಗಿ ಬಂಡೆಯ ಬಳಿ ಬಂದು, ಅವರನ್ನು ಒಮ್ಮೆ ಮೂಸಿ, ಕಾಲೆತ್ತಿ ಬಂಡೆಗೂ ಕಂಬಳಿಯ ಅಂಚಿಗೂ ಸೇರಿಸಿ ತನ್ನ ಗುರುತು ಹಾಕಿ ಹೋಯಿತು. ಆ ದಿನದ ದಾಖಲೆಯಲ್ಲಿ ಮೇಡಂ ಒಂದೇ ಮಾತು ಬರೆದಿದ್ದಾರೆ: ‘ಇಂದು ಸೇರಿಸಿಕೊಂಡರು.’ ಅನೇಕರು ದೊಡ್ಡ ದೊಡ್ಡ ಪದವಿಗಳನ್ನು ಪಡೆದಾಗಲೂ ಅಷ್ಟು ಹೆಮ್ಮೆಯಿಂದ ಬರೆದುಕೊಂಡಿರಲಾರರು.

ಮುಂದಿನ ವರ್ಷಗಳಲ್ಲಿ ಅವರು ಕಂಡದ್ದು ಇಂದು ವಿದ್ಯಾರ್ಥಿಗಳೆಲ್ಲ ಓದುವ ಪಾಠವಾಗಿದೆ. ತಾಯಿ ಬೇಟೆಗೆ ಹೋದಾಗ ಹಿಂದಿನ ವರ್ಷದ ಮಕ್ಕಳು ತಮ್ಮ-ತಂಗಿಯರನ್ನು ಕಾಯುವುದು, ಕಾಯುವ ಬೇಸರಕ್ಕೆ ಮರಿಗಳ ಬಾಲ ಕಚ್ಚಿ ಎಳೆಯುವುದು, ತಂದೆ ಬಂದೊಡನೆ ಏನೂ ಆಗಿಲ್ಲವೆಂಬಂತೆ ಮುಖ ತಿರುಗಿಸಿ ಕೂರುವುದು, ಇವನ್ನೆಲ್ಲ ಅವರು ನಮ್ಮ ನಿಮ್ಮ ಮನೆಯ ಸಂಗತಿಯಂತೆ ಬರೆದರು. ಬರೆಯುವುದಕ್ಕೆ ಅವರದೊಂದು ನಿಯಮವಿತ್ತು. ಒಮ್ಮೆ ಕಂಡದ್ದು ಕಣ್ಣಿನ ಮಾತು, ಎರಡು ಸಲ ಕಂಡದ್ದು ಊಹೆ, ಮೂರು ಸಲ ಕಂಡದ್ದು ಮಾತ್ರ ದಾಖಲೆ. ಒಂದೆರಡು ಸಲ ಕಂಡದ್ದು ಟಿಪ್ಪಣಿ ಪುಸ್ತಕದಲ್ಲಿ ಪ್ರಶ್ನೆಚಿಹ್ನೆ ಹೊತ್ತು ಅಲ್ಲಿಯೇ ಬಿದ್ದಿರಬೇಕು, ವರದಿಯ ಹೊಸಿಲು ದಾಟುವಂತಿಲ್ಲ. ಈ ನಿಯಮದ ಬಿಗಿಗೆ ಸಿಕ್ಕಿ ನಮ್ಮಲ್ಲಿ ಹಲವರ ಸಂಶೋಧನಾ ಪ್ರಬಂಧಗಳು ಅರ್ಧಕ್ಕರ್ಧ ಇಳಿದುಹೋದದ್ದುಂಟು.

ಸೇವೆಯ ಎಂಟನೆಯ ವರ್ಷದಲ್ಲಿ ಆ ಸಂಸಾರದಲ್ಲಿ ಐದು ಹೊಸ ಮರಿಗಳು ದಾಖಲಾದವು. ಅದೇ ಸಮಯಕ್ಕೆ ಬೇರೆಡೆಯಿಂದ ಕೆಲವು ಹಿರಿಯ ಸಂಶೋಧಕರು ಗುಡ್ಡ ನೋಡಲು ಬಂದರು. ತೋಳಗಳನ್ನು ಎಣಿಸಲು ಆಗ ಒಂದು ಕ್ರಮವಿತ್ತು: ಮುಸ್ಸಂಜೆ ದಿಬ್ಬದ ಮೇಲೆ ನಿಂತು, ಅಂಗೈಗಳನ್ನು ಬಾಯಿಗೆ ಕೂಡಿಸಿ, ತೋಳದ ಹಾಗೆ ಊಳಿಡುವುದು, ಹಿಂಡು ಮರುದನಿ ಕೊಟ್ಟಾಗ ದನಿಗಳನ್ನು ಎಣಿಸುವುದು. ಮೇಡಂ ಇದರಲ್ಲಿ ಎಷ್ಟು ನುರಿತವರೆಂದರೆ ಅವರ ದನಿಗೆ ತೋಳಗಳು ತಪ್ಪದೆ ಓಗೊಡುತ್ತಿದ್ದವು. ತಮ್ಮದೇ ಸಂಸಾರದ ತಲೆಯೆಣಿಕೆ ಅವರಿಗೆ ಬಾಯಿಪಾಠವಿದ್ದುದರಿಂದ ಅಂದು ಊಳಿಡುವ ಅಗತ್ಯ ಲವಲೇಶವೂ ಇರಲಿಲ್ಲ. ಆದರೆ ಬಂದ ಹಿರಿಯರು ‘ಒಂದು ಸಲ ಕೇಳಿಸಿ’ ಎಂದರು. ಅವರು ಕೇಳಿಸಿದರು. ತಾಯಿ ಓಗೊಟ್ಟಿತು, ಹಿಂದೆಯೇ ಮರಿಗಳು ಕೀರಲು ದನಿಯಲ್ಲಿ ಕೂಗಿದವು, ಹಿರಿಯರು ಚಪ್ಪಾಳೆ ತಟ್ಟಿದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದಿಬ್ಬದ ಕೆಳಗೆ ಕುರಿಗಳನ್ನು ಹೊಡೆದುಕೊಂಡು ಮನೆಗೆ ಹೊರಟಿದ್ದವರೂ ಆ ಕೀರಲು ದನಿಯನ್ನು ಕೇಳಿದರು. ಆ ವಾರ ಅವರ ನಾಲ್ಕು ಕುರಿಗಳನ್ನು ತೋಳ ಹೊತ್ತೊಯ್ದಿತ್ತು, ಆದರೆ ಗವಿ ಎಲ್ಲಿದೆಯೆಂದು ಯಾರಿಗೂ ತಿಳಿದಿರಲಿಲ್ಲ. ಅಂದು ತಿಳಿಯಿತು. ಮರುದಿನ ಬೆಳಿಗ್ಗೆ ಮೇಡಂ ಹೋಗಿ ನೋಡಿದಾಗ ಗವಿಯ ಬಾಯಿ ಹೊಗೆಯಿಂದ ಕಪ್ಪಾಗಿತ್ತು, ಬಾಯಿಗೆ ಅಡ್ಡಲಾಗಿ ಕಲ್ಲುಗಳನ್ನು ಒಟ್ಟಿದ್ದರು. ಹುಲ್ಲು ತುರುಕಿ ಬೆಂಕಿ ಹಚ್ಚಿದವನು ಕುರಿ ಕಾಯುವವರಲ್ಲಿ ಒಬ್ಬ ಗಟ್ಟಿಗ. ‘ಮುಗೀತು, ಎಲ್ಲಾ ಒಳಗೇ ಇವೆ’ ಎಂದು ಅವನೇ ಸಾರಿದ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎನ್ನುತ್ತಾರಲ್ಲ, ಹಾಗೆ ಮಿಕ್ಕವರೂ ತಲಾ ಒಂದು ಕಲ್ಲು ಪೇರಿಸಿ ಹೋಗಿದ್ದರು. ಅಂದಿನಿಂದ ಅವನಿಗೆ ಸುತ್ತಲಿನ ಹತ್ತು ಊರುಗಳಲ್ಲಿ ‘ಹುಲಿಯಣ್ಣ’ ಎಂಬ ಬಿರುದಾಯಿತು. ಆ ಗುಡ್ಡದಲ್ಲಿ ಮತ್ತೆ ತೋಳ ಕಾಣಲಿಲ್ಲ.

ಮೇಡಂ ಆ ಕಲ್ಲುಗಳನ್ನು ಸರಿಸಿ ನೋಡಲಿಲ್ಲ. ಅಗೆದು ನೋಡುವ ಧೈರ್ಯ ಅವರಿಗೆ ಬರಲಿಲ್ಲ. ಮೂರು ಸಲ ಕಾಣದೆ ಏನನ್ನೂ ನಂಬದ ಆಕೆ ಇದೊಂದನ್ನು ಒಮ್ಮೆಯೂ ಕಾಣದೆ ನಂಬಿಬಿಟ್ಟರು.

ಅನಂತರದ ಇಪ್ಪತ್ತಾರು ವರ್ಷಗಳಲ್ಲಿ ಅವರು ಮತ್ತೆಂದೂ ಊಳಿಡಲಿಲ್ಲ, ನಮ್ಮ ವಿಭಾಗದಲ್ಲಿ ಯಾರಿಗೂ ಊಳಿಡಲು ಬಿಡಲಿಲ್ಲ. ಹೆಜ್ಜೆ ನೋಡಿ, ಹಿಕ್ಕೆ ನೋಡಿ, ಕಾದು ಕುಳಿತು ಎಣಿಸುವುದನ್ನು ಕಲಿಸಿದರು. ಒಂದು ವರ್ಷದ ಕೆಲಸ ಇದರಿಂದ ಮೂರು ವರ್ಷವಾಯಿತೆಂದು ಬೇರೆಯವರು ಹಂಗಿಸಿದರೆ, ಆಗಲಿ ಎನ್ನುತ್ತಿದ್ದರು. ಬೇರೆ ಗುಡ್ಡಗಳಲ್ಲಿ ಬೇರೆ ಸಂಸಾರಗಳ ಎದುರು ಕುಳಿತರು. ಪ್ರಶಸ್ತಿಗಳು ಬಂದಾಗಲೆಲ್ಲ ಏನಾದರೂ ನೆಪ ಹೇಳಿ ತಪ್ಪಿಸಿಕೊಂಡರು. ಅದು ವಿನಯವೆಂದು ನಾವು ತಿಳಿದಿದ್ದೆವು. ನಾವು ತಿಳಿದದ್ದು ತಪ್ಪು.

ಅವರ ಕಟ್ಟುನಿಟ್ಟನ್ನು ಬಲ್ಲವರು ಬಹಳ, ಅದರ ಹಿಂದಿನ ಕರುಣೆಯನ್ನು ಉಂಡವರೂ ಬಹಳ. ಈ ಸಂಪುಟದ ಸಂಪಾದಕರು ಒಂದು ಕಾಲದಲ್ಲಿ ಅವರ ಬಳಿ ಹೊಸದಾಗಿ ಸೇರಿದ ಸಂಶೋಧನಾ ವಿದ್ಯಾರ್ಥಿ. ಒಂದು ಮಧ್ಯಾಹ್ನ ಕಾವಲು ಕುಳಿತವರು ನಿದ್ದೆ ಹೋಗಿ, ಎಚ್ಚರವಾದ ಮೇಲೆ ಎರಡು ಗಂಟೆಗಳ ದಾಖಲೆಯನ್ನು ತಲೆಯಿಂದಲೇ ಹೆಣೆದು ಒಪ್ಪಿಸಿದರು. ಆ ಎರಡು ಗಂಟೆ ಗಾಳಿ ಒಮ್ಮೆಯೂ ದಿಕ್ಕು ಬದಲಿಸಿರಲಿಲ್ಲ, ತೋಳಗಳು ಶಿಸ್ತಿನ ಸಿಪಾಯಿಗಳಂತೆ ಹದಿನೈದು ನಿಮಿಷಕ್ಕೊಮ್ಮೆ ಎದ್ದು ಕುಳಿತಿದ್ದವು. ಮೇಡಂ ಓದಿ, ಹಾಳೆಯನ್ನು ಮಡಿಸಿ ಅವರ ಕೈಗೇ ಕೊಟ್ಟು ಹೇಳಿದ್ದು ಇಷ್ಟೇ: “ನಿದ್ದೆ ಬಂತು ಅಂತ ಬರಿ. ನಿದ್ದೇನೂ ಒಂದು ದಾಖಲೆನೇ.” ಯಾರಿಗೂ ದೂರು ಹೋಗಲಿಲ್ಲ. ಮರುದಿನದಿಂದ ಒಂದು ವಾರ ತಾವೇ ಪಕ್ಕದಲ್ಲಿ ಕುಳಿತು, ಶಿಷ್ಯನ ತಲೆ ತೂಗಿದಾಗಲೆಲ್ಲ ಮೊಣಕೈಯಿಂದ ಮೆಲ್ಲಗೆ ತಿವಿದರು. ಇಂದು ಸ್ವತಃ ಹೆಸರಾಂತ ಸಂಶೋಧಕರಾಗಿರುವ ಸಂಪಾದಕರು ಆ ಮಡಿಸಿದ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದಾರೆ. ತಮ್ಮ ಶಿಷ್ಯರ ಮೇಲೆ ಸಿಟ್ಟು ಬಂದಾಗ ತೆಗೆದು ನೋಡುತ್ತಾರಂತೆ.

ಇಂಥವರಿಗೆ ಒಂದು ಅಭಿನಂದನ ಸಂಪುಟ ತರಬೇಕೆಂದು ನಾವು ಹೊರಟಾಗ ಅವರು ಸುತರಾಂ ಒಪ್ಪಲಿಲ್ಲ. ಸಂಪಾದಕರು ಪಟ್ಟು ಬಿಡದೆ ಮೂರು ಸಲ ಹೋದರು. ಮೂರನೆಯ ಸಲ ಮೇಡಂ ತಮ್ಮ ಕೋಣೆಯಲ್ಲಿ ಪುಸ್ತಕಗಳನ್ನು ಡಬ್ಬಗಳಿಗೆ ತುಂಬುತ್ತಿದ್ದವರು ಕೈ ನಿಲ್ಲಿಸಿ, “ಮೆಚ್ಚುಗೆ ಗಿಟ್ಟಿಸೋಕೆ ಐದು ಮರಿಗಳನ್ನ ಸುಡಿಸಿದವಳು ನಾನು. ಅದನ್ನ ಬರೀತೀರಾ? ಬರೆಯೋದಾದ್ರೆ ತನ್ನಿ ನಿಮ್ಮ ಸಂಪುಟ. ಇಲ್ಲ ಅಂದ್ರೆ ನನಗೆ ಹಾರ ಹಾಕೋ ಕೆಲಸ ಬೇಡ” ಎಂದರು. ಕದ ಮುಚ್ಚಿಕೊಂಡು ಇಪ್ಪತ್ತಾರು ವರ್ಷ ಒಬ್ಬರೇ ಅನುಭವಿಸಿದ್ದು ಅಂದು ಮೊದಲ ಸಲ ನಮ್ಮ ಕಿವಿಗೆ ಬಿತ್ತು. ಅದನ್ನು ಬರೆಯುವುದೆಂದರೆ ಅಭಿನಂದನೆಯ ಪುಸ್ತಕದಲ್ಲಿ ಆರೋಪಪಟ್ಟಿ ಸೇರಿಸಿದಂತೆ. ಬಿಡುವುದೆಂದರೆ ಪುಸ್ತಕವನ್ನೇ ಬಿಟ್ಟಂತೆ. ಸಂಪಾದಕರಿಗೆ ಅತ್ತ ದರಿ, ಇತ್ತ ಪುಲಿ.

ಬರೆಯಲೇಬೇಕಾದರೆ ನಡೆದದ್ದನ್ನು ನಡೆದಂತೆ ಬರೆಯೋಣವೆಂದು ಅವರು ಹುಲಿಯಣ್ಣನನ್ನು ಹುಡುಕಿಕೊಂಡು ಹೋದರು. ಹುಲಿಯಣ್ಣ ಈಗ ಹಣ್ಣುಹಣ್ಣು ಮುದುಕ, ಕುರಿಗಳನ್ನು ಮೊಮ್ಮಕ್ಕಳಿಗೆ ಒಪ್ಪಿಸಿ ಜಗಲಿಯಲ್ಲಿ ಕೂರುವವ. ಸಂಪಾದಕರು ವಿಷಯ ತಿಳಿಸಿ, ಅಂದು ಗವಿಯಲ್ಲಿ ಸತ್ತ ಮರಿಗಳೆಷ್ಟು ಎಂದು ಕೇಳಿದರು. ಆ ಮೇಡಂ ಸನ್ಮಾನ ಬೇಡವೆನ್ನುತ್ತಿರುವುದು ಅದೇ ಕಾರಣಕ್ಕೆ ಎಂದೂ ಹೇಳಿದರು. ಮುದುಕ ಗೋಡೆ ಹಿಡಿದು ಎದ್ದು ನಿಂತ. “ಆ ಅಮ್ಮ ಇನ್ನೂ ಅದನ್ನ ಹೊತ್ಕೊಂಡೇ ಇದ್ದಾರಾ?” ಎಂದವನು, ಉತ್ತರಕ್ಕೂ ಕಾಯದೆ ಒಳಗೆ ಹೋಗಿ ಅಂಗಿ ಬದಲಿಸಿಕೊಂಡು ಬಂದ. ಏನು ಹೇಳುವುದಿದ್ದರೂ ಅವರಿಗೇ ಹೇಳಬೇಕೆಂದು ಬಸ್ಸು ಹತ್ತಿದ. ದಾರಿಯುದ್ದಕ್ಕೂ ಸಂಪಾದಕರು ಎಷ್ಟು ಕೆದಕಿದರೂ ಬಾಯಿ ಬಿಡಲಿಲ್ಲ.

ಮೇಡಂ ಅವನನ್ನು ಬಾಗಿಲಲ್ಲಿ ಕಂಡೊಡನೆ ಗುರುತು ಹಿಡಿದರು. ಎದ್ದು ನಿಂತು ಕುರ್ಚಿ ತೋರಿಸಿದರು. ಅವನು ಕೂರಲಿಲ್ಲ. ಕೋಣೆಯಲ್ಲಿ ಅರ್ಧ ತುಂಬಿದ ಡಬ್ಬಗಳು, ಖಾಲಿಯಾದ ಕಪಾಟುಗಳು, ಗೋಡೆಯ ಮೇಲೆ ಚಿತ್ರಪಟ ತೆಗೆದ ಜಾಗದಲ್ಲಿ ಬಿಳಿಯ ಚೌಕಗಳು. ಹುಲಿಯಣ್ಣ ಆ ಚೌಕಗಳನ್ನೇ ನೋಡುತ್ತ ಹೇಳಿದ.

“ಗವಿ ಖಾಲಿ ಇತ್ತಮ್ಮ.”

ಅವನು ಹೇಳಿದ ಕಥೆಯ ಸಾರವಿದು. ಹೆಸರು ತನ್ನದಾಗಲೆಂದು ಆ ಬೆಳಿಗ್ಗೆ ಅವನು ಎಲ್ಲರಿಗಿಂತ ಮೊದಲು ಗುಡ್ಡ ಹತ್ತಿದ್ದ. ಹತ್ತಿದಾಗ ಗವಿಯಲ್ಲಿ ಏನೂ ಇರಲಿಲ್ಲ. ಒಳಗಿನ ಮಣ್ಣು ಮಾತ್ರ ಇನ್ನೂ ಬೆಚ್ಚಗಿತ್ತು. ಎದುರಿನ ಇಳಿಜಾರಿನಲ್ಲಿ ತಾಯಿ ತೋಳ ಮರಿಗಳನ್ನು ಕರೆದುಕೊಂಡು ಹೋಗುತ್ತಿತ್ತು. ಕೈಯಲ್ಲಿ ದೊಣ್ಣೆಯಿತ್ತು, ಓಡಿದ್ದರೆ ಒಂದೆರಡಾದರೂ ಸಿಗುತ್ತಿದ್ದವು. ಕಾಲು ಬರಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಜೊತೆಗಾರರ ದನಿ ಕೇಳಿಸಿತು. ಅವನು ಖಾಲಿ ಗವಿಗೆ ಹುಲ್ಲು ತುರುಕಿ, ಬೆಂಕಿ ಹಚ್ಚಿ, ಕಲ್ಲು ಒಟ್ಟಿ, ಬಂದವರಿಗೆ ಮುಗಿಯಿತೆಂದ.

“ಪಾಪ ಅನ್ನಿಸ್ತು, ಅದು ನಿಜ. ಆದ್ರೆ ಬರೀ ಪಾಪ ಅಂತಲೇ ಅಲ್ಲಮ್ಮ. ಓಡಿಹೋದ್ವು ಅಂದಿದ್ರೆ ನಗೋರು. ಮುಗಿಸ್ದೆ ಅಂದ್ರೆ ಹೊಗಳೋರು. ನನಗೆ ಹೊಗಳಿಕೆ ಬೇಕಿತ್ತು.”

‘ತೋಳ ಬಂತು ತೋಳ’ ಎಂದು ಸುಳ್ಳು ಹೇಳಿ ಕೆಟ್ಟವನ ಕಥೆ ಎಲ್ಲರಿಗೂ ಗೊತ್ತು. ಇವನು ತೋಳ ಸತ್ತಿತು ಎಂದು ಸುಳ್ಳು ಹೇಳಿ ಸಿಕ್ಕಿಕೊಂಡವನು. ಆಚೆಯ ಗುಡ್ಡದಲ್ಲಿ ಯಾರಾದರೂ ತೋಳ ಕಂಡೆವೆಂದರೆ, ‘ನಾನೇ ಮುಗಿಸಿದ್ದೀನಲ್ಲ, ಅದು ನಾಯಿ’ ಎಂದು ವರ್ಷಗಟ್ಟಲೆ ವಾದಿಸಬೇಕಾಯಿತು. ಅವನದೇ ಮೂರು ಕುರಿಗಳು ಹೋದಾಗಲೂ ನಾಯಿಯ ಮೇಲೆ ಹಾಕಿ ಬಾಯಿ ಮುಚ್ಚಿಕೊಂಡ. ಬಿಸಿ ತುಪ್ಪ, ನುಂಗುವಂತೆಯೂ ಇಲ್ಲ, ಉಗುಳುವಂತೆಯೂ ಇಲ್ಲ.

ಆದರೆ ಮೇಡಂ ಮೇಡಮ್ಮೇ. ಮುಖದಲ್ಲಿ ನಂಬಿಕೆ ಮೂಡಲಿಲ್ಲ. ಸಂಪಾದಕರ ಕಡೆ ತಿರುಗಿ, ತಮ್ಮಂಥ ಮುದುಕಿಗೆ ಸಮಾಧಾನ ಹೇಳಿಸಲು ಕರೆತಂದಿರಾ ಎಂದು ಕೇಳಿದರು. ಇಲ್ಲವೆಂದು ಅವರು ಆಣೆಯಿಟ್ಟರೂ ಕೇಳಿಸಿಕೊಳ್ಳಲಿಲ್ಲ. ಹುಲಿಯಣ್ಣನನ್ನು, ತಪ್ಪು ದಾಖಲೆ ತಂದ ವಿದ್ಯಾರ್ಥಿಯನ್ನು ಕೇಳುವ ದನಿಯಲ್ಲೇ ಕೇಳಿದರು.

“ಎಷ್ಟು ಮರಿ ಇದ್ವು?”

“ಆರು.”

“ಐದು. ನನ್ನ ವರದೀಲಿ ಐದಿದೆ.”

“ನಿಮ್ಮ ವರದಿ ನಾನು ಕಾಣೆ. ಆರು. ಐದು ತಾಯಿ ಹಿಂದೇನೇ ಹೋದ್ವು. ಆರನೇದು ಚಿಕ್ಕದು, ಬಾಲದ ತುದಿ ಡೊಂಕು. ಅದು ಅರ್ಧ ದಾರೀಲಿ ಕೂತ್ಬಿಡ್ತು. ನಡೆಯಲ್ಲ ಅಂತ ಹಟ. ತಾಯಿ ವಾಪಸ್ ಬಂದು ಬಾಯಲ್ಲಿ ಕಚ್ಕೊಂಡು ಹೋಯ್ತು.”

ಮೇಡಂ ಇನ್ನೂ ಖಾಲಿ ಮಾಡದೆ ಉಳಿದಿದ್ದ ಒಂದೇ ಕಪಾಟಿನ ಬೀಗ ತೆಗೆದು, ಹಳೆಯ ಟಿಪ್ಪಣಿ ಪುಸ್ತಕವೊಂದನ್ನು ಹುಡುಕಿ, ಸಂಪಾದಕರಿಗೆ ಕೊಟ್ಟು, ಕೊನೆಯ ಪುಟ ಓದಲು ಹೇಳಿದರು. ಊಳಿಟ್ಟ ದಿನದ ಮಧ್ಯಾಹ್ನದ್ದು ಆ ಪುಟ. ಅದನ್ನು ಆವರೆಗೆ ಬೇರೆ ಯಾರೂ ತೆರೆದಿರಲಿಲ್ಲ. ಸಂಪಾದಕರು ಓದಿದರು: ‘ಆರನೆಯದು? ಒಮ್ಮೆ ಮಾತ್ರ, ಗವಿಯ ಬಾಯಲ್ಲಿ. ಉಳಿದವಕ್ಕಿಂತ ಸಣ್ಣದು. ಬಾಲದ ತುದಿ ಡೊಂಕು. ನಾಳೆ ನೋಡಬೇಕು.’

ಆ ನಾಳೆ ಬರಲಿಲ್ಲವಾದ್ದರಿಂದ ಆರನೆಯ ಮರಿ ವರದಿಯನ್ನು ಸೇರಲಿಲ್ಲ. ಯಾವ ವರದಿಯಲ್ಲೂ ಇಲ್ಲದ, ಯಾರಿಗೂ ಹೇಳದ ಆ ಡೊಂಕು ಬಾಲವನ್ನು ಗುಡ್ಡದ ಮೇಲೆ ಕಣ್ಣಾರೆ ಕಂಡವನಲ್ಲದೆ ಬೇರೆ ಯಾರೂ ಹೇಳಲು ಸಾಧ್ಯವಿರಲಿಲ್ಲ.

ಸಂಪಾದಕರು ಓದಿ ಮುಗಿಸಿದಾಗ ಮೇಡಂ ಅಳುತ್ತಿದ್ದರು. ಅಳುತ್ತಲೇ ನಗುತ್ತಿದ್ದರು. ಹುಲಿಯಣ್ಣ ಗಾಬರಿಯಾಗಿ, ತಾನೇನು ತಪ್ಪು ಹೇಳಿದೆನೆಂದು ಸಂಪಾದಕರನ್ನು ನೋಡಿದ. ಮೇಡಂ ಅವನ ಎರಡೂ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಹೊಟ್ಟೆಗೆ ಹಾಲು ಹೊಯ್ದಂತಾಗುವುದೆಂದರೆ ಏನೆಂದು ಆ ಕೋಣೆಯಲ್ಲಿದ್ದವರಿಗೆ ಅಂದು ತಿಳಿಯಿತು. ಊಳಿಟ್ಟ ದನಿ ಕೇಳಿಯೇ ತಾಯಿ ಬೆದರಿ ಮರಿಗಳನ್ನು ಬೇರೆಡೆಗೆ ಸಾಗಿಸಿರಬೇಕು, ಹಾಗಾದರೆ ಅವುಗಳನ್ನು ಉಳಿಸಿದ್ದೂ ಮೇಡಂ ದನಿಯೇ ಎಂದು ಸಂಪಾದಕರು ಉತ್ಸಾಹದಿಂದ ಹೇಳಹೊರಟಾಗ, ಅದಕ್ಕೆ ಸಾಕ್ಷಿಯಿಲ್ಲ, ಬರೆಯಕೂಡದು ಎಂದು ಕಣ್ಣೊರೆಸಿಕೊಳ್ಳುತ್ತಲೇ ಗದರಿದರು. ಬರೆಯಲಿಲ್ಲವೆನ್ನಿಸಿಕೊಳ್ಳುವಷ್ಟು ಮಾತ್ರ ಇಲ್ಲಿ ಬರೆದಿದ್ದೇವೆ.

ಆಮೇಲೆ ಮನೆಗೆ ಫೋನು ಮಾಡಿದರು. “ರೀ, ಮರಿಗಳು ಸತ್ತಿಲ್ವಂತೆ” ಎಂದಷ್ಟೇ ಹೇಳಿದರು. ಮೇಷ್ಟ್ರು ಯಾವ ಮರಿಗಳು, ಎಂದಿನದು, ಯಾರು ಹೇಳಿದರು ಎಂದು ಏನೂ ಕೇಳಲಿಲ್ಲ. “ಅಲ್ಲೇ ಇರು, ಬಂದೆ” ಎಂದರು. ಅರ್ಧ ಗಂಟೆಯಲ್ಲಿ, ಬೆರಳಿಗೆ ಇನ್ನೂ ಸೀಮೆಸುಣ್ಣ ಮೆತ್ತಿಕೊಂಡೇ, ಮನೆಪಾಠದ ಹುಡುಗರನ್ನು ಬಿಟ್ಟು ಬಂದಿದ್ದರು.

ಇನ್ನು ಉಳಿದದ್ದು ಹುಲಿಯಣ್ಣನ ಮಾನದ ಪ್ರಶ್ನೆ. ಇದು ಅಚ್ಚಾದರೆ ಹತ್ತು ಊರುಗಳಲ್ಲಿ ಅವನ ಬಿರುದು ಉಳಿಯುವುದಿಲ್ಲ. ಬೇಕಾದರೆ ಬಿಟ್ಟುಬಿಡುತ್ತೇವೆ ಎಂದು ಸಂಪಾದಕರು ಹೇಳಿದರು. ಮುದುಕ ಯೋಚಿಸಿ, ತನ್ನ ಮೊಮ್ಮಕ್ಕಳಲ್ಲಿ ಓದು ಬರುವವರಿದ್ದಾರೆ, ತಾತ ಒಂದು ಮರಿಯನ್ನೂ ಕೊಲ್ಲಲಿಲ್ಲ ಎಂಬುದನ್ನು ಅವರು ಓದಲಿ, ನಗುವವರು ನಗಲಿ ಎಂದ. ಅವನ ಅನುಮತಿಯಿಂದಲೇ ಇದನ್ನು ಪೂರ್ತಿ ಬರೆದಿದ್ದೇವೆ. ಮೇಡಂ ಕೂಡ ಇದನ್ನು ಓದಿ, ಎರಡು ಕಡೆ ಹೊಗಳಿಕೆಯನ್ನು ಹೊಡೆದುಹಾಕಿ, ಅಚ್ಚಿಗೆ ಒಪ್ಪಿದ್ದಾರೆ.

ನಿವೃತ್ತಿಯ ಮರುದಿನವೇ ಅವರು ಆಚೆಯ ಗುಡ್ಡಕ್ಕೆ ಹೊರಡುತ್ತಾರೆ. ತೋಳಗಳು ಈಗಲೂ ಯಾವ ಜಾಡಿನಲ್ಲಿ ಓಡಾಡುತ್ತವೆಂದು ತೋರಿಸಲು ಹುಲಿಯಣ್ಣ ಒಪ್ಪಿದ್ದಾನೆ. ಇಷ್ಟು ವರ್ಷ ‘ನಾಯಿ’ ಎಂದು ಸಾಧಿಸುವುದಕ್ಕಾಗಿ ಅವನು ಅವುಗಳ ಮೇಲೆ ಇಟ್ಟಷ್ಟು ಕಣ್ಣನ್ನು ಯಾವ ಸಂಶೋಧಕರೂ ಇಟ್ಟಿಲ್ಲ. ಈ ಸಂಪುಟದ ಬಿಡುಗಡೆಗೆ ಒಂದು ಗಂಟೆಯ ಮಟ್ಟಿಗೆ ಬಂದು ಹೋಗುವುದಾಗಿ ಮೇಡಂ ಮಾತು ಕೊಟ್ಟಿದ್ದಾರೆ. ಅವರ ಆರೋಗ್ಯ ಗಟ್ಟಿಯಾಗಿರಲಿ, ಮೊಣಕಾಲು ಗುಡ್ಡಕ್ಕೆ ಒಗ್ಗಲಿ, ಕಣ್ಣು ಚುರುಕಾಗಿರಲಿ ಎಂದು ನಾವೆಲ್ಲರೂ ಮನಸಾರೆ ಹಾರೈಸುತ್ತೇವೆ. ಇಪ್ಪತ್ತಾರು ವರ್ಷ ಅವರು ಪ್ರತಿ ಗವಿಯ ಎದುರೂ ಕ್ಷಮೆ ಕೇಳಲು ಬಂದವರಂತೆ ಕುಳಿತಿದ್ದರು. ಇನ್ನು ಮುಂದೆ ಬರಿಯ ನೋಡುವ ಸಂತೋಷಕ್ಕಾಗಿಯೇ ಕೂರಲಿ, ಹಾಗೆ ಕೂರುವ ವರ್ಷಗಳು ಬಹಳ ಇರಲಿ.